ಕತ್ತು ಹೊರಳಿಸುವ ಗಿಣಿ

ಗಜೇಂದ್ರಗಡದಲ್ಲಿ ನಿಲೋಫರಳ ಮುಂದೆ ಆಡಬಾರದ ಮಾತು ಒಂದಿತ್ತು: ‘ನಿನ್ನ ಕಂಪ್ಯೂಟರಿಗೆ ವಯಸ್ಸಾಯಿತು.’ ಆಡಿದವರ ಗತಿ ದೇವರಿಗೇ ಪ್ರೀತಿ! ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ದನಿಯೋ ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು.

ಆ ಕಂಪ್ಯೂಟರು ರೋಣದಿಂದ ಬಂದದ್ದು. ಅಲ್ಲಿ ಅವಳು ಟೈಪಿಂಗ್ ಕಲಿತ ಸಂಸ್ಥೆ ಬಾಗಿಲು ಹಾಕಿದಾಗ ಉಳಿದವರೆಲ್ಲ ಕುರ್ಚಿ, ಬೆಂಚು, ಫ್ಯಾನು ಹೊತ್ತುಕೊಂಡು ಹೋದರು. ಇವಳು ಮಾತ್ರ ಕಪ್ಪು ಪರದೆಯ, ಹಸಿರು ಅಕ್ಷರದ ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಊರಿಗೆ ಬಂದಳು. ಅದಕ್ಕೂ ಅರ್ಧ ಟಿಕೀಟು ತೆಗೆಸಬೇಕು ಎಂದು ಕಂಡಕ್ಟರ್ ಚೇಷ್ಟೆ ಮಾಡಿದನಂತೆ. ಮುಂದೆ ಜಕ್ಕಲಿಯ ಖಾದರನ ಜೊತೆ ನಿಕಾಹ್ ಗೊತ್ತಾದಾಗ ಅವಳು ಹಾಕಿದ ಶರತ್ತು ಒಂದೇ. ಕಂಪ್ಯೂಟರು ತನ್ನ ಜೊತೆ ಜಕ್ಕಲಿಗೆ ಬರಬೇಕು, ಅದಕ್ಕೆ ಕರೆಂಟಿರುವ ಕೋಣೆ ಬೇಕು. ಜಕ್ಕಲಿಯ ಮನೆಯಲ್ಲಿ ಅಂಥ ಕೋಣೆ ಇರಲಿಲ್ಲ. ಕೊನೆಗೆ ಖಾದರನೇ ತನ್ನ ಟ್ರ್ಯಾಕ್ಟರ್ ಓಡಿಸಿಕೊಂಡು ಗಜೇಂದ್ರಗಡಕ್ಕೆ ಬಂದು ಅತ್ತೆಮನೆಯಲ್ಲಿ ಉಳಿದ.

ಆ ಪೆಟ್ಟಿಗೆಯಲ್ಲಿ ಅವಳ ಜೀವವಿದ್ದದ್ದು ಒಂದೇ ಪ್ರೋಗ್ರಾಮಿನಲ್ಲಿ, ವರ್ಡ್‌ಸ್ಟಾರ್‌ನಲ್ಲಿ. ಅಕ್ಷರ ಹೊಡೆಯುವುದು, ಅಳಿಸುವುದು, ಇಲ್ಲಿದ್ದದ್ದನ್ನು ಎತ್ತಿ ಅಲ್ಲಿಡುವುದು, ಅಷ್ಟೇ ಅದರ ಕೆಲಸ. ಮೌಸ್ ಇಲ್ಲ, ಚಿತ್ರವಿಲ್ಲ. ಎಲ್ಲವೂ ಬೆರಳಲ್ಲೇ. ಕಂಟ್ರೋಲ್ ಕೀಲಿ ಒತ್ತಿ ಕೆ-ಬಿ ಎಂದರೆ ತುಂಡು ಇಲ್ಲಿಂದ ಶುರು, ಕೆ-ಕೆ ಎಂದರೆ ಇಲ್ಲಿಗೆ ಮುಗಿಯಿತು, ಕೆ-ಸಿ ಎಂದರೆ ಅದರ ನಕಲು ಇಲ್ಲಿ ಇಡು. ನಿಲೋಫರ ಅದನ್ನು ಮಾಡುವಾಗ ಬೆರಳು ಕಾಣುತ್ತಿರಲಿಲ್ಲ, ಟಕಟಕ ಸಪ್ಪಳವಷ್ಟೇ ಕೇಳುತ್ತಿತ್ತು.

ಟೈಪು ಮಾಡಲಿಕ್ಕೆ ಕೋರ್ಟಿನ ಕಾಗದವೇ ಬೇಕೆಂದೇನಿದೆ? ಅವಳು ಗಿಣಿ ಟೈಪು ಮಾಡುತ್ತಿದ್ದಳು!

ಅವಳ ತಂದೆ ಕಾಶೀಂಸಾಬರು, ಅವಳ ಬಾಯಲ್ಲಿ ‘ಅಬ್ಬಾ’, ಜಕಾರ್ಡ್ ಮಗ್ಗಗಳಿಗೆ ಕಾರ್ಡು ಹೊಡೆಯುವವರು. ಮಗ್ಗದ ನೆತ್ತಿಯ ಮೇಲೆ ದಪ್ಪ ರಟ್ಟಿನ ಕಾರ್ಡುಗಳ ಸರವೊಂದು ತಿರುಗುತ್ತಿರುತ್ತದೆ. ಕಾರ್ಡಿನಲ್ಲಿ ಎಲ್ಲಿ ತೂತಿದೆಯೋ ಅಲ್ಲಿಯ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಸುಮ್ಮನಿರುತ್ತದೆ. ಸೀರೆಯ ದಡಿಯಲ್ಲಿ ಹೂವು, ಬಳ್ಳಿ, ಗಿಣಿ ಮೂಡುವುದು ಹೀಗೆ. ಮೊದಲೆಲ್ಲ ಈ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಮನೆಮನೆ ತುಂಬಿ ಬರೆಯಬೇಕಿತ್ತು. ಒಂದು ಮನೆ ತಪ್ಪಿದರೆ ರಬ್ಬರು, ರಬ್ಬರಿನಿಂದ ಕಾಗದ ಹರಿದರೆ ಮತ್ತೆ ಮೊದಲಿನಿಂದ. ಅಬ್ಬಾ ಕಣ್ಣು ಕಿರಿದು ಮಾಡಿಕೊಂಡು ಪೇಚಾಡುವುದನ್ನು ನೋಡಿ ನೋಡಿ ರೇಗಿದ ನಿಲೋಫರ ಒಂದು ದಿನ ತೂತಿಗೆ ಎಕ್ಸ್, ತೂತಿಲ್ಲದ್ದಕ್ಕೆ ಚುಕ್ಕೆ, ಒಂದು ಸಾಲಿಗೆ ಒಂದು ಕಾರ್ಡು ಎಂದು ವರ್ಡ್‌ಸ್ಟಾರ್‌ನಲ್ಲಿ ಹೊಡೆಯುತ್ತಾ ಹೋದಳು. ಒಂದು ಗಿಣಿ ಆಯಿತು. ಅದನ್ನೇ ಎತ್ತಿ ಕೆಳಗೆ ನಕಲು ಇಟ್ಟಳು. ಜೋಡಿಗಿಣಿ!

ಪ್ರಿಂಟಾದ ಕಾಗದ ನೋಡಿ ಕಾಶೀಂಸಾಬರು ಕಾರ್ಡು ಹೊಡೆದರು. ಆ ಜೋಡಿಗಿಣಿಯ ದಡಿ ಓಣಿಯ ಕಲ್ಲವ್ವನ ಮಗ್ಗದ ಮೇಲೆ ಮೊದಲ ಸಲ ಇಳಿದಾಗ ಒಂದು ಸೋಜಿಗ ಕಂಡಿತು. ಮುಂದಿನ ಗಿಣಿ ನೆಟ್ಟಗೆ ನೋಡುತ್ತಿತ್ತು. ಹಿಂದಿನದು ಮಾತ್ರ ಕತ್ತನ್ನು ತುಸುವೇ ಹೊರಳಿಸಿ, ಮುಂದಿನ ಗಿಣಿ ಏನೋ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿತ್ತು. ನಕಲು ಎಂದರೆ ಎರಡೂ ಒಂದೇ ಇರಬೇಕಲ್ಲ?

“ಅಯ್ಯ ನಮ್ಮವ್ವಾ, ಇದು ಖರೇ ಗಿಣಿನ ಐತಲ್ಲ!” ಎಂದು ಕಲ್ಲವ್ವ ಲಾಳಿ ಬಿಟ್ಟು ಎದ್ದೇಬಿಟ್ಟಿದ್ದಳು. “ನಿಲೋಫರವ್ವಾ, ಅದ್ಹ್ಯಾಂಗ ಕತ್ತ ಹೊಳ್ಳಿಸಿದಿ?”

ನಿಲೋಫರಳಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಒಂದು ಸಲಕ್ಕೆ ಅರ್ಧ ಗಿಣಿಯಷ್ಟೇ ಕಾಣುತ್ತಿತ್ತು. ಕಾಗದದ ಮೇಲೆ ಅಷ್ಟೊಂದು ಎಕ್ಸು, ಚುಕ್ಕೆಗಳ ನಡುವೆ ಒಂದೆರಡು ಅತ್ತಿತ್ತ ಸರಿದರೆ ಯಾರ ಕಣ್ಣಿಗೆ ಬಿದ್ದೀತು? ವರ್ಡ್‌ಸ್ಟಾರ್ ತನ್ನ ಫೈಲಿನಲ್ಲಿ ಕಣ್ಣಿಗೆ ಕಾಣದ ಗುರುತು ಬಚ್ಚಿಡುತ್ತದೆ ಎಂದು ರೋಣದಲ್ಲಿ ಕಲಿಸಿದವರು ಹೇಳಿದ್ದರು. ಅದರದ್ದೇ ಕೈವಾಡ ಎಂದು ಅವಳು ಗಟ್ಟಿ ಮಾಡಿಕೊಂಡಳು. ಮಷಿನು ತಾನಾಗಿ ಕೊಟ್ಟ ವರ ಅದು, ಕೆದಕಿ ನೋಡಿದರೆ ದೃಷ್ಟಿ ತಾಗೀತು! ಅಂದಿನಿಂದ ಅವಳು ಏನೇ ನಕ್ಷೆ ಮಾಡಲಿ, ಹಿಂದಿನ ಗಿಣಿ, ಹಿಂದಿನ ನವಿಲು, ಹಿಂದಿನ ಹಂಸ ಕತ್ತು ಹೊರಳಿಸಿಯೇ ಹುಟ್ಟುತ್ತಿತ್ತು. ‘ನಿಲೋಫರ ದಡಿ’ ಎಂದು ಹೆಸರೇ ಬಿತ್ತು. ದೂರದ ಬೆಳವಣಕಿಯ ಮದುವೆಮನೆಗಳಲ್ಲೂ ಮದುಮಗಳ ಸೆರಗಿಗಿಂತ ಮೊದಲು ದಡಿ ಹಿಡಿದು ನೋಡುವವರಾದರು.

ಹೀಗಿರುವಾಗ, ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ, ಪರದೆ ಕುಗ್ಗತೊಡಗಿತು. ಹಸಿರು ಅಕ್ಷರಗಳು ನಾಲ್ಕೂ ಕಡೆಯಿಂದ ಒಳಗೆ ಸರಿದು ಪೋಸ್ಟ್ ಕಾರ್ಡಿನಷ್ಟಾದವು. ಬದಿಗೆ ಎರಡು ತಟ್ಟಿದರೆ ಹಿಗ್ಗುತ್ತಿತ್ತು, ಬಿಟ್ಟರೆ ಕುಗ್ಗುತ್ತಿತ್ತು. ಒಳಗೆ ಡಿಸ್ಕು ಕರಕರ ಅನ್ನತೊಡಗಿತು. ಅದೇ ವಾರ ರೋಣದ ಸೀರೆ ವ್ಯಾಪಾರಿ ಅಯ್ಯಪ್ಪ ಸಾವಕಾರರು ಓಣಿಗೆ ಬಂದು, ಬರುವ ಹಂಗಾಮಿನ ಸೀರೆಯೆಲ್ಲ ಗಿಣಿದಡಿಯದೇ ಬೇಕೆಂದರು.

“ಕತ್ತ ಹೊಳ್ಳಿಸಿದ್ದ ಬೇಕ ಮತ್ತ,” ಎಂದರು. “ನೆಟ್ಟಗ ನೋಡೋ ಗಿಣಿ ಎಲ್ಲಾ ಕಡಿ ಸಿಗತಾವ. ಮಷಿನ್ ಹೋತು, ಗಿಣಿ ಹೋತು ಅಂತ ಆಮ್ಯಾಲ ಹೇಳಬ್ಯಾಡ್ರಿ. ಈಗ ಹೇಳಿದ್ರ ನಾ ಬ್ಯಾರೆ ಊರು ನೋಡಕೋತೀನಿ.”

ಓಣಿಯ ಮಗ್ಗಗಳು ಆಡುವುದು, ಬಿಡುವುದು ಈಗ ಆ ಕತ್ತಿನ ಮೇಲೆ ನಿಂತಿತು. ಕಲ್ಲವ್ವ ನಿಲೋಫರಳ ಮುಖವನ್ನೇ ನೋಡಿದಳು. ಅದೇ ಸಾಕಾಯಿತು. ನಿಲೋಫರ ಸಾವಕಾರರಿಗೆ “ಕೊಟ್ಟ ಕೊಡ್ತೀವ್ರಿ!” ಎಂದು ಗುಡುಗಿದಳು. ಅವರು ಓಣಿ ದಾಟಿದ್ದೇ ತಡ, ಓಡಿಹೋಗಿ ಅಂಗಡಿಯ ಫೋನಿನಿಂದ ನರಗುಂದಕ್ಕೆ ಕರೆ ಮಾಡಿದಳು.

ನರಗುಂದದಲ್ಲಿ ಕಂಪ್ಯೂಟರ್ ರಿಪೇರಿಯ ಸಿದ್ದಲಿಂಗ ಇದ್ದ. ರೋಣದಲ್ಲಿ ಅವಳ ಜೊತೆಗೇ ಟೈಪಿಂಗ್ ಕಲಿತವನು. ಹೊಸ ಪೆಟ್ಟಿಗೆ ಎಂದರೆ ಅವನಿಗೆ ಹೋಳಿಗೆ ಊಟ ಇದ್ದಂತೆ. ಮರುದಿನದ ಬಸ್ಸಿಗೇ, ಎದೆಗೊಂದು ಕಂಪ್ಯೂಟರು ಅವುಚಿಕೊಂಡು, ಜೇಬಿನ ತುಂಬ ಸಿಡಿ ತುಂಬಿಕೊಂಡು ಬಂದಿಳಿದ.

“ಅಕ್ಕಾ, ಹಳೇದು ಹೋದ್ರ ಹೋಗ್ಲಿ. ವರ್ಡ್‌ಸ್ಟಾರ್ ಹಾಂಗ ಆಡೋ ಹೊಸವು ಎರಡ ತಂದೀನಿ. ಅದ ಕೀಲಿ, ಅದ ನಡಿಗಿ. ಅಸಲಿಗೂ ನಕಲಿಗೂ ಫರಕ ಗೊತ್ತಾಗಂಗಿಲ್ಲ!”

“ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲೋ ಸಿದ್ದಲಿಂಗ. ಗಿಣಿ ಕತ್ತ ಹೊಳ್ಳಸತೈತೇನು ನಿನ್ನ ನಕಲಿ?”

“ಹಚ್ಚಿ ನೋಡೂಣಲ್ಲ!”

ಹಚ್ಚಿ ನೋಡುವ ಮಾತು ಓಣಿಯಲ್ಲಿ ಹಬ್ಬಿದ್ದೇ ತಡ, ಮಗ್ಗಗಳು ನಿಂತವು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ! ಕಿಟಕಿಯ ಹೊರಗೆ ಕುಸ್ತಿ ನೋಡುವ ಜನದಂತೆ ಒಬ್ಬರ ಭುಜದ ಮೇಲೊಬ್ಬರು. ಗಿರ್ಮಿಟ್ ಪೊಟ್ಟಣಗಳು ಕೈಯಿಂದ ಕೈಗೆ ಹೋದವು. ಒಂದು ಮೇಜಿನ ಮೇಲೆ ಹಳೆಯ ಪೆಟ್ಟಿಗೆ, ಇನ್ನೊಂದರ ಮೇಲೆ ಹೊಸದು. ಒಂದೇ ಗಿಣಿ, ಮೂರು ಪ್ರೋಗ್ರಾಮು. ಮೂರರ ಕಾಗದವನ್ನೂ ಕಾಶೀಂಸಾಬರು ಕಾರ್ಡಿಗೆ ಇಳಿಸಬೇಕು, ಕಲ್ಲವ್ವ ನೇಯಬೇಕು. ಯಾವ ಗಿಣಿ ಕತ್ತು ಹೊರಳಿಸುತ್ತದೋ ಅದು ಗೆದ್ದಂತೆ.

ಮೊದಲು ಅಸಲಿ. ನಿಲೋಫರ ಪರದೆಯ ಬದಿಗೆ ಎರಡು ತಟ್ಟಿ, ಬಿಸ್ಮಿಲ್ಲಾ ಹೇಳಿ ಕುಳಿತಳು. ಅಬ್ಬಬ್ಬಾ, ಆ ಬೆರಳಿನ ಓಟ! ಹಳೆಯ ಕೀಬೋರ್ಡಿನಲ್ಲಿ ಕಂಟ್ರೋಲ್ ಕೀಲಿ ‘ಎ’ ಅಕ್ಷರದ ಮಗ್ಗುಲಲ್ಲೇ ಇತ್ತು. ಕಿರುಬೆರಳು ಅಲ್ಲಿ ಕುಳಿತರೆ ಏಳುವುದೇ ಬೇಕಿರಲಿಲ್ಲ. ಗಿಣಿ ಮುಗಿಯಿತು, ನಕಲು ಬಿತ್ತು, ಪ್ರಿಂಟರು ಕರ್ರೋ ಎಂದು ಹಲ್ಲು ಕಡಿಯುತ್ತಾ ಉದ್ದನೆಯ ಕಾಗದ ಕಾರಿತು. ಒಂದು ಫ್ಲಾಪಿಗೂ ಫೈಲು ಇಳಿಸಿಕೊಂಡಳು. ಕೊನೆಯ ಸಾಲು ಹೊರಗೆ ಬಂದ ಕ್ಷಣವೇ ಪರದೆ ಒಂದು ಹಸಿರು ಬೊಟ್ಟಿನಷ್ಟಾಗಿ, ಟಪ್ಪೆಂದು ಆರಿತು.

ತಟ್ಟಿದಳು. ಇನ್ನೂ ಜೋರಾಗಿ ತಟ್ಟಿದಳು. ಸಿದ್ದಲಿಂಗ ಹಿಂದಿನ ಮುಚ್ಚಳ ತೆಗೆದು ಮೂಸಿ ನೋಡಿ, ತಲೆ ಅಲ್ಲಾಡಿಸಿದ.

ನಿಲೋಫರಳ ಕಣ್ಣು ತುಂಬಿತು. ಎಲ್ಲರೂ ನೋಡುತ್ತಿದ್ದಾರೆಂದು ಅದಕ್ಕೂ ಸಿಟ್ಟು ಬಂತು. “ಏನ್ ನೋಡ್ತೀರಿ? ನಕಲಿ ತರ್ರಿ ಈಕಡಿ!” ಎಂದಳು.

ಮೊದಲನೆಯ ನಕಲಿ ವಿಂಡೋಸ್ ಮೇಲೆ ಓಡುವಂಥದು. ನೀಲಿ ಪರದೆ, ಮೇಲೆ ಪಟ್ಟಿ, ನೋಡಲು ವರ್ಡ್‌ಸ್ಟಾರ್‌ನ ಅವಳಿ ತಂಗಿ. ಕುಳಿತದ್ದೇ ನಿಲೋಫರಳ ಕಿರುಬೆರಳು ತನ್ನ ಹಳೆಯ ಜಾಗಕ್ಕೆ ಹೋಯಿತು. ಹೊಸ ಕೀಬೋರ್ಡಿನಲ್ಲಿ ಅಲ್ಲಿದ್ದದ್ದು ಕಂಟ್ರೋಲ್ ಅಲ್ಲ, ಕ್ಯಾಪ್ಸ್‌ಲಾಕ್. ಗಿಣಿಯ ಹೊಟ್ಟೆಯ ನಡುವೆ ‘ಕೆಬಿ’, ‘ಕೆಕೆ’ ಎಂದು ಅಕ್ಷರಗಳೇ ಬಂದು ಕುಳಿತವು! ಕಿಟಕಿಯಾಚೆ ನಗು ಸಿಡಿಯಿತು.

“ಈ ಕೀಬೋರ್ಡ ಸರಿ ಇಲ್ಲ!”

“ಕುಣಿಯಾಕ ಬಾರದಾಕಿ ಅಂಗಳ ಡೊಂಕ ಅಂದ್ಲಂತ,” ಕಲ್ಲವ್ವ ಚುಚ್ಚಿದಳು.

“ಕಲ್ಲಕ್ಕಾ, ನಿನ್ನ ಮಗ್ಗದ ತುಳಿಯೋ ಕೋಲು ಎಡಕ್ಕಿದ್ದದ್ದು ಬಲಕ್ಕ ಇಡ್ತೀನಿ, ಕುಣದ ತೋರಸು ನೋಡೂಣು!”

ಹೇಗೋ ಅಳಿಸಿ, ತಿದ್ದಿ ಗಿಣಿ ಮುಗಿಸಿದರೆ ಅದು ಹೊಟ್ಟೆ ಉಬ್ಬಿದ ಕೋಳಿಯಾಗಿತ್ತು. ಈ ಪ್ರೋಗ್ರಾಮು ಎಕ್ಸಿಗೆ ಅಗಲವಾದ ಜಾಗ ಕೊಟ್ಟು ಚುಕ್ಕೆಗೆ ಸಣ್ಣ ಜಾಗ ಕೊಟ್ಟಿತ್ತು. ಅಸಲಿಯಲ್ಲಿ ಬಡವ ಬಲ್ಲಿದ ಎಲ್ಲರಿಗೂ ಒಂದೇ ಅಗಲದ ಮನೆ. ಸಿದ್ದಲಿಂಗ ಬೆವರು ಒರೆಸಿಕೊಂಡು ಫಾಂಟು ಎಂಬ ಅಕ್ಷರದ ಜಾತಿ ಬದಲಾಯಿಸಿದ. ಗಿಣಿ ಮತ್ತೆ ಗಿಣಿಯಾಯಿತು, ಪ್ರಿಂಟೂ ಆಯಿತು. ಆದರೆ ನಿಲೋಫರ ಮೂಗು ಮುರಿದಳು. ಮುಖ ಅದೇ, ನಡಿಗೆ ಅದಲ್ಲ. ಒಂದೊಂದು ಹೆಜ್ಜೆಗೂ ‘ಹೌದೋ ಅಲ್ಲೋ’ ಎಂದು ಕೇಳುತ್ತದೆ, ಮೌಸು ಮುಟ್ಟು ಎನ್ನುತ್ತದೆ.

ಎರಡನೆಯದರ ಹೆಸರು ಜೋ. ಸಿದ್ದಲಿಂಗ ವಿಂಡೋಸ್ ಬದಲು ಲಿನಕ್ಸ್ ಸಿಡಿ ಹಾಕಿ ಕಪ್ಪು ಪರದೆ ತಂದಾಗಲೇ ಅವಳ ಬೆನ್ನು ನೆಟ್ಟಗಾಯಿತು. ಈ ಜೋ ಎಂಬುದು ಬಹುರೂಪಿ. ಅದರದೇ ಹೆಸರಿನಿಂದ ಕರೆದರೆ ತನ್ನ ರೀತಿ ಇರುತ್ತದೆ, ಜೆಸ್ಟಾರ್ ಎಂದು ಕರೆದರೆ ವರ್ಡ್‌ಸ್ಟಾರ್‌ನ ವೇಷ ಹಾಕಿಕೊಂಡು ಬರುತ್ತದೆ. ಸಿದ್ದಲಿಂಗ ಅದೇನೋ ಎರಡು ಸಾಲು ಬರೆದು ಕ್ಯಾಪ್ಸ್‌ಲಾಕ್ ಕೀಲಿಯನ್ನೇ ಕಂಟ್ರೋಲ್ ಮಾಡಿಕೊಟ್ಟ. ಕಿರುಬೆರಳು ತವರಿಗೆ ಬಂತು! ಕೆ-ಬಿ, ಕೆ-ಕೆ, ಕೆ-ಸಿ. ನಕಲು ತಟ್ಟನೆ ಬಿತ್ತು. ಹಳೆಯದಕ್ಕಿಂತ ಬೇಗ! ನಿಲೋಫರಳಿಗೆ ತಿಳಿಯದೆಯೇ ಬಾಯಿಂದ “ವಾಹ್!” ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಹಳೆಯ ಪೆಟ್ಟಿಗೆ ಪಕ್ಕದಲ್ಲೇ ತಣ್ಣಗಾಗುತ್ತಿತ್ತು.

ಫ್ಲಾಪಿಯ ಹಳೆಯ ಫೈಲನ್ನು ಜೋದಲ್ಲಿ ತೆರೆದಾಗ ಅವಳು ಕುರ್ಚಿ ಬಿಟ್ಟು ಹಾರಿದಳು. ಅಲ್ಲಲ್ಲಿ ಎಕ್ಸು, ಚುಕ್ಕೆಗಳ ಸಾಲಿನ ತುದಿಯಲ್ಲಿ ಯಾವ ದೇಶದ್ದೋ ಅಕ್ಷರಗಳು ನಿಂತಿದ್ದವು.

“ನೋಡ್ರಿ! ಎಲ್ಲಾರೂ ನೋಡ್ರಿ! ಇವ ಕಣ್ಣಿಗೆ ಕಾಣದ ಗುರುತು. ಕತ್ತ ಹೊಳ್ಳಸೋದು ಇವ!”

“ಅಕ್ಕಾ, ಅವು ಶಬ್ದ ಎಲ್ಲಿ ಮುಗೀತು ಅಂತ ಹಳೇದು ಇಟಗೊಂಡ ಗುರುತು ಅಷ್ಟ. ಅಳಿಸಿದ್ರ ಏನೂ ಆಗಂಗಿಲ್ಲ,” ಎಂದ ಸಿದ್ದಲಿಂಗ.

“ಅಳಿಸು. ಅಳಿಸಿ ಪ್ರಿಂಟ್ ತಗಿ. ಗಿಣಿ ಕತ್ತ ಹೊಳ್ಳಸಂಗಿಲ್ಲ, ನನ್ನ ಮಾತು ಬರದ ಇಟಗೋ.”

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ತನ್ನ ಮಾತು ಗೆದ್ದರೆ ಗಿಣಿ ಸತ್ತಿತು, ಓಣಿಯ ಮಗ್ಗಗಳು ನಿಂತವು. ಯಾ ಅಲ್ಲಾ, ನನ್ನ ಮಾತು ಸುಳ್ಳಾಗಲಿ ಎಂದು ಆ ಹಟಮಾರಿ ಹೆಣ್ಣು ಜೀವನದಲ್ಲಿ ಮೊದಲ ಸಲ ಬೇಡಿಕೊಂಡಳು.

ಸಿದ್ದಲಿಂಗ ಗುರುತು ಅಳಿಸಿ ಆ ಫೈಲಿನ ಪ್ರಿಂಟು ತೆಗೆದ, ಜೋದ ಕಾಗದ ಅದೇ. ಮೂರು ಕಾಗದಗಳನ್ನೂ ಕಾಶೀಂಸಾಬರು ಬಗಲಲ್ಲಿ ಇಟ್ಟುಕೊಂಡು ತಮ್ಮ ಕೋಣೆಗೆ ಹೋದರು. ಮಸೂತಿಯ ಹಿಂದಿನ ಆ ಕೋಣೆಗೆ ಕೆಲಸದ ಹೊತ್ತಿನಲ್ಲಿ ಯಾರೂ ಹೋಗುವಂತಿರಲಿಲ್ಲ. ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ ಎಂಬುದು ಅವರ ಒಂದೇ ಕಟ್ಟಳೆ. ಸಿದ್ದಲಿಂಗ ನರಗುಂದಕ್ಕೆ ಹೋಗದೆ ಅಲ್ಲೇ ಉಳಿದ. ಖಾದರ ಟ್ರ್ಯಾಕ್ಟರ್ ತೊಳೆದದ್ದನ್ನೇ ಮತ್ತೆ ತೊಳೆದ.

ಕಾರ್ಡುಗಳು ಬಂದವು, ಜೊತೆಗೆ ಆ ಮೂರು ಕಾಗದಗಳೂ. ಕಲ್ಲವ್ವ ಮೊದಲ ಸರ ಏರಿಸಿ ಗೇಣುದ್ದ ನೇಯ್ದಳು. ಅಸಲಿಯ ಗಿಣಿ ಕತ್ತು ಹೊರಳಿಸಿತು. ಅದರಲ್ಲೇನು ಸೋಜಿಗ? ಎರಡನೆಯ ಸರ ಏರಿತು. ವಿಂಡೋಸ್‌ನ ಗಿಣಿ. ಕಾಲು ಬಂತು, ಹೊಟ್ಟೆ ಬಂತು, ರೆಕ್ಕೆ ಬಂತು. ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಿತ್ತು. ಕತ್ತು ಬಂತು...

“ಹೊಳ್ಳಿಸ್ತು!” ಕಲ್ಲವ್ವ ಚೀರಿದಳು. “ನಿಲೋಫರವ್ವಾ, ಹೊಳ್ಳಿಸ್ತು!”

ಮೂರನೆಯದು ಏರುವ ಹೊತ್ತಿಗೆ ಜನ ಮಗ್ಗದ ಮೇಲೇ ಬಾಗಿದ್ದರು. ಜೋದ ಗಿಣಿಯೂ ಕತ್ತು ಹೊರಳಿಸಿತು! ಆಹಾ, ಆ ಗದ್ದಲ ಕೇಳಬೇಕು! ಸಿದ್ದಲಿಂಗನನ್ನು ಯಾರೋ ಎತ್ತಿಯೇಬಿಟ್ಟರು. ಖಾದರ ಟ್ರ್ಯಾಕ್ಟರಿನ ಹಾರನ್ನು ಬಿಡದೆ ಬಾರಿಸಿದ. ಗಿಣಿ ಉಳಿಯಿತು, ಮಗ್ಗಗಳು ಉಳಿದವು!

ನಿಲೋಫರಳೂ ನಕ್ಕಳು, ಕಲ್ಲವ್ವನನ್ನು ತಬ್ಬಿಕೊಂಡಳು. ಆದರೆ ನಗು ಅರ್ಧಕ್ಕೇ ನಿಂತಿತು. ಗುರುತು ಇದ್ದದ್ದೂ ಹೊರಳಿಸಿತು, ಗುರುತು ಅಳಿಸಿದ್ದೂ ಹೊರಳಿಸಿತು, ಗುರುತಿನ ಗಂಧವೇ ಇಲ್ಲದ್ದೂ ಹೊರಳಿಸಿತು. ಅವಳು ಮೂರು ತುಂಡುಗಳನ್ನೂ ಬಿಸಿಲಿಗೆ ಹಿಡಿದು ಒಂದರ ಪಕ್ಕ ಒಂದು ಇಟ್ಟಳು. ಆಗ ಕಂಡಿತು. ಮೂರು ಗಿಣಿಗಳೂ ಕತ್ತು ಹೊರಳಿಸಿದ್ದವು ನಿಜ, ಆದರೆ ಒಂದೇ ರೀತಿ ಅಲ್ಲ. ಒಂದು ನಾಚಿಕೊಂಡಿತ್ತು. ಒಂದು ಕುತೂಹಲದಿಂದ ಇಣುಕುತ್ತಿತ್ತು. ಮತ್ತೊಂದು ಕೊಕ್ಕು ಮೇಲೆತ್ತಿ ಗದ್ದಲ ಎಲ್ಲಿಂದ ಎಂದು ಕೇಳುವಂತಿತ್ತು. ಒಂದೇ ಗಿಣಿ, ಅವಳದೇ ಬೆರಳು, ಮೂರು ಬೇರೆ ಬೇರೆ ಕತ್ತು! ಆಮೇಲೆ ಪ್ರಿಂಟಿನ ಕಾಗದಗಳನ್ನು ಬಿಡಿಸಿ, ಬೆರಳಿಟ್ಟು ಸಾಲು ಸಾಲು ನೋಡಿದಳು. ಮೂರೂ ಕಾಗದದಲ್ಲಿ ಗಿಣಿಗಳು ಎರಕ ಹೊಯ್ದಂತೆ ಒಂದೇ ಇದ್ದವು. ಎಲ್ಲವೂ ನೆಟ್ಟಗೆ ನೋಡುತ್ತಿದ್ದವು.

ಅವಳು ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಮಸೂತಿಯ ಹಿಂದಕ್ಕೆ ನಡೆದಳು. ನಡೆದಳು ಎಲ್ಲಿ, ಓಡಿದಳು. ಕಟ್ಟಳೆ ಗಿಟ್ಟಳೆ ನೆನಪಾಗಲಿಲ್ಲ, ಬಾಗಿಲು ದೂಡಿದಳು.

ಕಾಶೀಂಸಾಬರು ಸಾವಕಾರರ ಸೀರೆಗೆಂದು ಹೊಸ ಸರ ಶುರು ಮಾಡಿದ್ದರು, ಎಣಿಕೆಯಲ್ಲಿ ಮುಳುಗಿದ್ದವರಿಗೆ ಬಾಗಿಲ ಸಪ್ಪಳ ಕೇಳಲಿಲ್ಲ. ತೊಡೆಯ ಮುಂದೆ ಹಳೆಯ ಜೋಡಿಗಿಣಿಯ ಕಾಗದ, ಕೈಯಲ್ಲಿ ಉಳಿ, ಸುತ್ತಿಗೆ. ಎರಡನೆಯ ಗಿಣಿಯ ಕತ್ತಿನ ಸಾಲು ಬಂದಾಗ ಅವರು ಕಾಗದ ನೋಡುವುದನ್ನು ಬಿಟ್ಟರು. ಕಣ್ಣು ಮುಚ್ಚಿ, ತಮ್ಮ ಕತ್ತನ್ನೇ ತುಸು ವಾಲಿಸಿ ನೋಡಿಕೊಂಡರು. ಆಮೇಲೆ ಉಳಿಯನ್ನು ಒಂದು ಮನೆ ಆಚೆ ಸರಿಸಿ ಹೊಡೆದರು.

“ಅಬ್ಬಾ!”

ಮುದುಕ ಬೆಚ್ಚಿ ತಲೆಯೆತ್ತಿದರು.

“ಏನ್ ಮಾಡಿದಿ ಈಗ? ಇಷ್ಟ ವರ್ಷ ಮಾಡಕೋತ ಬಂದಿದ್ದು ಇದನೇನು? ಊರ ಮಂದಿ ನನ್ನ ಹೊಗಳಿದ್ರು, ನಾ ಮಷಿನ್ ಹೊಗಳಿದೆ. ಆ ಡಬ್ಬಿ ಸಲುವಾಗಿ ನಾ ಎಲ್ಲಾರ ಜೋಡಿ ಜಗಳಾಡೀನಿ, ಅತ್ತೀನಿ! ಒಂದ ಮಾತು ಹೇಳಾಕ ಬರ್ತಿರಲಿಲ್ಲೇನು ನಿನಗ?”

“ನೀ ಎಂದ ಕೇಳಿದಿ, ಬೇಟಿ?” ಎಂದರು ಕಾಶೀಂಸಾಬರು, ನಿಜವಾಗಿಯೂ ತಿಳಿಯದವರಂತೆ. “ನಿನ್ನ ಗಿಣಿ ಎರಡೂ ಒಂದ ಕಡಿ ನೋಡಕೋತ ಬಂದಿದ್ವು. ಒಂದು ಮಾತಾಡಿದ್ರ ಇನ್ನೊಂದು ಕೇಳಬೇಕೋ ಬ್ಯಾಡೋ? ಅದಕ್ಕ ನಾ ಸ್ವಲ್ಪ ಹೊಳ್ಳಿಸಿದೆ.”

“ನನಗ ಹೇಳಿದ್ರ ನಾನ ಟೈಪ್ ಮಾಡ್ತಿದ್ದೆ.”

“ಮಾಡ್ತಿದ್ದಿ. ಆಮ್ಯಾಲ ಅದನ್ನ ಎತ್ತಿ ಎತ್ತಿ ಇಡ್ತಿದ್ದಿ. ಎಲ್ಲಾ ಸೀರ್ಯಾಗೂ ಒಂದ ಹಾಂಗ. ನಾ ಹಾಂಗ ಮಾಡಂಗಿಲ್ಲ. ಅವತ್ತ ಕೈಗೆ ಹ್ಯಾಂಗ ತಿಳೀತದೋ ಹಾಂಗ. ನಿನ್ನ ನಿಕಾಹದ ಸೀರಿಗೆ ಭಾಳ ಹೊತ್ತ ವಿಚಾರ ಮಾಡಿದ್ದೆ ನೋಡು.”

ನಿಲೋಫರಳಿಗೆ ಅಸಲಿ, ನಕಲಿ ಎಂದು ಎರಡು ಮೇಜಿನ ನಡುವೆ ಓಡಾಡಿದ್ದು, ಊರನ್ನೆಲ್ಲ ಸೇರಿಸಿದ್ದು ನೆನಪಾಗಿ ನಗು ಬಂತು, ನಗುವಿನ ಹಿಂದೆಯೇ ಭಯ ಬಂತು. ಪೆಟ್ಟಿಗೆ ಕೆಟ್ಟರೆ ನರಗುಂದದಿಂದ ಇನ್ನೊಂದು ಬರುತ್ತದೆ. ಉಳಿ ಹಿಡಿದ ಆ ಕೈಯ ನರಗಳನ್ನು ನೋಡಿದಳು. ಇದಕ್ಕೆ ಯಾವ ಸಿಡಿ ತರುವುದು? ಅವಳು ಅಳುತ್ತಾ ಅಪ್ಪನ ಪಕ್ಕ ಚಾಪೆಯ ಮೇಲೆ ಕುಸಿದು ಕುಳಿತಳು.

“ನನಗೂ ಕಲಸು,” ಎಂದಳು.

ಕಾಶೀಂಸಾಬರು ಮುಂದಿನ ಕಾರ್ಡನ್ನು ಅವಳ ಮುಂದೆ ಸರಿಸಿ ಉಳಿ, ಸುತ್ತಿಗೆ ಕೈಗಿಟ್ಟರು. ಎಷ್ಟು ಮನೆ ಆಚೆ ಎಂದು ಅವಳು ಕೇಳಿದಳು. ಅವರು ಗಿಣಿಯನ್ನು ಕೇಳು ಎಂದರು. ನಿಲೋಫರ ಕಣ್ಣು ಮುಚ್ಚಿದಳು, ತೆರೆದಳು, ಬೆವರಿದಳು. ಕೊನೆಗೆ ರೇಗಿ, ಸುತ್ತಿಗೆ ಎತ್ತಿ ಒಂದೇ ಏಟಿಗೆ ಹೊಡೆದಳು. ತೂತು ಎಲ್ಲೋ ಬಿತ್ತು.

“ಹಾಳಾತು, ಅಬ್ಬಾ. ಕಾರ್ಡ ಕೆಡಿಸಿದೆ. ಒಗೀಲೇನು?”

ಮುದುಕ ಕಾರ್ಡನ್ನು ಬೆಳಕಿಗೆ ಹಿಡಿದು, ತಮ್ಮ ಕತ್ತನ್ನು ಆ ತೂತಿನಂತೆ ಹೊರಳಿಸಿ ನೋಡಿದರು. ಅವರ ಹುಬ್ಬು ಮೇಲೇರಿತು, ಗಲ್ಲ ಮುಂದೆ ಚಾಚಿತು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

“ಒಗೀಬ್ಯಾಡ. ಈ ಗಿಣಿ ಜಗಳಕ್ಕ ನಿಂತೈತಿ. ನಿನ್ನ ಹಾಂಗ.”

ಕಾರ್ಡನ್ನು ಸರಕ್ಕೆ ಪೋಣಿಸಿದರು. ಅಯ್ಯಪ್ಪ ಸಾವಕಾರರ ಮೊದಲ ಸೀರೆ ಆ ಸರದಿಂದಲೇ ಕಲ್ಲವ್ವನ ಮಗ್ಗದ ಮೇಲೆ ಇಳಿಯಿತು.